ಟಗರನ್ನು ಯಾರೂ ಕೇಳಲಿಲ್ಲ

ಗದಗ
2 ಜೂನ್ 2025

ಪ್ರಿಯ ಮಗಳು ವಿಜಯಾಳಿಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ. ಇದರೊಡನೆ ನನ್ನ ಪುಸ್ತಕದ ಏಳನೆಯ ಅಧ್ಯಾಯ ಕಳಿಸಿದ್ದೇನೆ. ಮೂವತ್ತು ವರ್ಷ ಸಂಡೇ ಸ್ಕೂಲಿನ ಹಲಗೆಯ ಮೇಲೆ ಬರೆದು ಅಳಿಸಿದ್ದೆಲ್ಲ ಈಗ ಅಚ್ಚಾಗಲಿದೆ. ನಿನಗೆ ನೆನಪಿರಬೇಕು, ಹಲಗೆಯ ನಡುವೆ ಒಂದು ಗೆರೆ, ಎಡಗಡೆ 'ಛಾಯೆ', ಬಲಗಡೆ 'ನಿಜ'. ಹಳೆಯ ಒಡಂಬಡಿಕೆಯಲ್ಲಿ ನೆರಳಾಗಿ ಬಿದ್ದದ್ದು ಹೊಸ ಒಡಂಬಡಿಕೆಯಲ್ಲಿ ಮೈತಳೆದು ಬರುತ್ತದೆ. ಊಟಕ್ಕೆ ಕೂತಾಗ ನಾನು "ಇಸಾಕ ಹೊತ್ತ ಕಟಗಿ?" ಅಂದರೆ ನೀನು ತುತ್ತು ಬಾಯಲ್ಲಿಟ್ಟುಕೊಂಡೇ "ಯೇಸು ಹೊತ್ತ ಶಿಲುಬಿ!" ಅನ್ನುತ್ತಿದ್ದೆ. "ಯೋನ ಮೀನಿನ ಹೊಟ್ಯಾಗ ಮೂರು ದಿನ?" "ಸಮಾಧಿಯೊಳಗ ಮೂರು ದಿನ!" ನಿನ್ನಷ್ಟು ಚುರುಕು ಇಡೀ ಸಭೆಯಲ್ಲಿ ಯಾರೂ ಇರಲಿಲ್ಲ.

ಏಳನೆಯ ಅಧ್ಯಾಯ ಮೊರೀಯ ಬೆಟ್ಟದ್ದು. ದೇವರು ಕೇಳಿದನೆಂದು ಅಬ್ರಹಾಮನು ಮಗ ಇಸಾಕನನ್ನು ಕಟ್ಟಿಗೆಯ ಮೇಲೆ ಮಲಗಿಸಿ ಕತ್ತಿ ಎತ್ತಿದಾಗ ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಕಾಣಿಸಿತು. ಮಗ ಉಳಿದ, ಟಗರು ಬಲಿಯಾಯಿತು. ಇದಕ್ಕೆ ನಮ್ಮ ಮನೆಯ ಸಾಕ್ಷಿಯನ್ನೇ ಸೇರಿಸಿದ್ದೇನೆ. ನಿನ್ನ ತಮ್ಮ ಇಸಾಕ ಹದಿನಾರಕ್ಕೇ ಎರಡೂ ಕಿಡ್ನಿ ಕೆಟ್ಟು ಮಲಗಿದಾಗ ಕರ್ತನು ನಿನ್ನನ್ನು ಒದಗಿಸಿದ ಸಂಗತಿ. ನಿನ್ನ ಹೆಸರು, ಚಿತ್ರ ಹಾಕಲು ಒಪ್ಪಿಗೆಯ ಎರಡು ಸಾಲು ಬರೆದು ಕಳಿಸು, ಪ್ರೆಸ್ಸಿನವರು ಕೇಳುತ್ತಾರೆ. ಹಾಗೆಯೇ ನೀನಿರುವ ವಾರಾಣಸಿಯ ಹರಿಶ್ಚಂದ್ರ ಘಾಟಿನದೊಂದು ಫೋಟೋ ಬೇಕು. ಕೊಟ್ಟ ಮಾತಿಗಾಗಿ ಹೆಂಡತಿ ಮಗನನ್ನು ಮಾರಿದ ರಾಜನನ್ನು ನಮ್ಮ ಓದುಗರು ಬಲ್ಲರು. ಅಬ್ರಹಾಮನ ಪಕ್ಕ ಅವನನ್ನೊಂದು ಅಡಿಟಿಪ್ಪಣಿಯಲ್ಲಿ ನಿಲ್ಲಿಸುವ ಆಸೆ.

ಇಸಾಕನ ರಕ್ತದಲ್ಲಿ ಕ್ರಿಯಾಟಿನಿನ್ ಮತ್ತೆ ಏರುತ್ತಿದೆ. ನೀನು ಕೊಟ್ಟ ಕಿಡ್ನಿ ಹದಿನಾಲ್ಕು ವರ್ಷ ನಡೆಯಿತು, ಸ್ತೋತ್ರ. ಇನ್ನು ಹೆಚ್ಚು ದಿನ ಬಾರದು ಅನ್ನುತ್ತಾರೆ. ನಾನು ಚಿಂತೆ ಮಾಡುವುದಿಲ್ಲ. ನಿನ್ನ ತಂಗಿ ರೇಖಾಳಿಗೆ ಮೊನ್ನೆ ಹತ್ತೊಂಬತ್ತು ತುಂಬಿತು. ಆಗ ನಿನಗೂ ಹತ್ತೊಂಬತ್ತೇ ಅಲ್ಲವೇ? ಲೆಕ್ಕ ಹಾಕಿದಾಗ ನನಗೆ ಮೈ ಜುಮ್ಮೆಂದಿತು. ಈ ಸಲದ ಸುಗ್ಗಿ ಹಬ್ಬದಲ್ಲಿ, ನವೆಂಬರ್ ಒಂಬತ್ತರ ಭಾನುವಾರ, ಮತ್ತೆ ಮೊರೀಯ ಬೆಟ್ಟದ ಕುರಿತೇ ಪ್ರಸಂಗ ಮಾಡಬೇಕೆಂದಿದ್ದೇನೆ.

ಕರ್ತನ ಸೇವೆಯಲ್ಲಿ,
ನಿನ್ನ ತಂದೆ
ಆಮೋಸ ಸತ್ಯಪ್ಪ ಹೊಂಬಳ, ಸಭಾಪಾಲಕ

ಅಲ್ಲೆ ಬಿಸಲ ಭಾಳಂತ. ಮಜ್ಜಗಿ ಕುಡಿ. — ಅವ್ವ


ವಾರಾಣಸಿ
19 ಜೂನ್ 2025

ಅಪ್ಪಾ,

ನಿಮ್ಮ ಅಧ್ಯಾಯ ಓದಿ ಎದ್ದುಹೋಗಿ ಬಾಯಿ ತೊಳೆದುಕೊಂಡೆ. ನಾನು ರೋಗಶಾಸ್ತ್ರ ಪಾಠ ಹೇಳುವವಳು, ದಿನವಿಡೀ ಕತ್ತರಿಸಿ ತಂದ ಗಡ್ಡೆ, ಕೊಳೆತ ಕರುಳು ನೋಡುವವಳು. ಹೇಸಿಗೆ ಅನ್ನುವುದು ಹೇಗಿರುತ್ತದೆಂದೇ ಮರೆತುಹೋಗಿತ್ತು. ನೀವು ನೆನಪು ಮಾಡಿಕೊಟ್ಟಿರಿ.

ಫೋನು ಮಾಡುವುದಿಲ್ಲ. ಫೋನಿನಲ್ಲಿ ಮಾತು ಬಿಗಿಯಾದ ಕೂಡಲೇ ನೀವು ಪ್ರಾರ್ಥನೆ ಶುರುಮಾಡುತ್ತೀರಿ. ಪ್ರಾರ್ಥನೆಯ ನಡುವೆ ಬಾಯಿ ಹಾಕಬಾರದೆಂದು ನೀವೇ ಕಲಿಸಿದ್ದೀರಿ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀವು ಸುಮ್ಮನಿರಬೇಕಾಗುತ್ತದೆ.

"ಮಗಳು ಹಿಗ್ಗಿನಿಂದ ಮುಂದೆ ಬಂದಳು" ಎಂದು ಬರೆದಿದ್ದೀರಿ. ನಾನು ಎಲ್ಲಿಗೂ ಬರಲಿಲ್ಲ, ಅಪ್ಪಾ. ಗಾಯನದವರ ಮೂರನೆಯ ಸಾಲಿನಲ್ಲಿ ನಿಂತಿದ್ದೆ. 2011ರ ಸುಗ್ಗಿ ಹಬ್ಬ. ಬಲಿಪೀಠದ ಮುಂದೆ ಸಭೆಯವರು ತಂದ ಕುಂಬಳಕಾಯಿ, ಜೋಳದ ತೆನೆ, ಕಾಲು ಕಟ್ಟಿದ ಕೋಳಿಗಳು. ಆರಾಧನೆ ಮುಗಿದ ಮೇಲೆ ಎಲ್ಲ ಹರಾಜಿಗೆ. ಯಾರೋ ಒಂದು ಟಗರು ತಂದು ಕಿಟಕಿಯ ಸರಳಿಗೆ ಕಟ್ಟಿದ್ದರು. ಅದು ಪ್ರಸಂಗದುದ್ದಕ್ಕೂ ಹಿಕ್ಕೆ ಹಾಕುತ್ತಿತ್ತು. ನೀವು ಪೀಠದ ಮೇಲಿಂದ "ಸಭೆಯವರೇ, ನನ್ನ ಇಸಾಕನ ಸಲುವಾಗಿ ಕರ್ತನು ಟಗರು ತೋರಿಸ್ಯಾನ!" ಎಂದು ಕೈ ಮಾಡಿದಿರಿ. ನಾನು ಹಿಂದೆ ತಿರುಗಿ ಆ ಟಗರನ್ನು ನೋಡಿದೆ. ಆ ಟಗರಿಗೇ ಕೈ ಮಾಡಿದಿರಿ ಅಂದುಕೊಂಡೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಚಪ್ಪಾಳೆ, ಹಲ್ಲೆಲೂಯ. ಮನೆಯಲ್ಲಿ ನನಗೆ ಒಂದು ಮಾತು ಹೇಳಿರಲಿಲ್ಲ ನೀವು.

ಆಸ್ಪತ್ರೆಯಲ್ಲಿ ದಾನಿಗಳ ಜೊತೆ ಮಾತಾಡುವ ಒಬ್ಬ ಹೆಂಗಸು ಬಾಗಿಲು ಹಾಕಿಕೊಂಡು ಕೇಳಿದರು, "ನಿನಗ ಮನಸ್ಸದ ಏನವಾ? ಒಲ್ಲೆ ಅಂದ್ರ ನಾವು ಏನರ ಕಾರಣ ಹೇಳ್ತೀವಿ." ಬಾಗಿಲಿನ ಆಚೆ ಸ್ತ್ರೀಯರ ಸಂಘದ ಹನ್ನೆರಡು ಜನ ಥರ್ಮಾಸು ಹಿಡಿದು ಕೀರ್ತನೆ ಹಾಡುತ್ತಿದ್ದರು. ಹೂಂ ಅಂದೆ.

ಇನ್ನು ನಿಮ್ಮ ವಿದ್ಯೆಯ ಮಾತು. ಮೊದಲನೆಯ ಪಾಠದಲ್ಲೇ ನೀವು ಹೇಳುತ್ತಿದ್ದ ನಿಯಮವೇನು? ಸತ್ಯವೇದ ತಾನೇ ತೋರಿಸಿಕೊಟ್ಟ ಛಾಯೆಯನ್ನು ಬಿಟ್ಟು ಬೇರೆ ಛಾಯೆ ಹುಡುಕಬಾರದು, ಹುಡುಕಿದರೆ ಯಾರು ಏನು ಬೇಕಾದರೂ ಆಗಿಬಿಡುತ್ತಾರೆ. ನನ್ನ ಬಗ್ಗೆ ಯಾವ ಅಪೊಸ್ತಲ ಬರೆದಿದ್ದಾನೆ? ಇನ್ನೊಂದು ಕೇಳುತ್ತೇನೆ. ನಿಮ್ಮ ಬಲಗಡೆಯ ಕಾಲಮಿನಲ್ಲಿರುವ ಯೇಸು ತಾನಾಗಿ ಒಪ್ಪಿ ಪ್ರಾಣ ಕೊಟ್ಟ. ಎಡಗಡೆಯ ಟಗರನ್ನು ಯಾರು ಕೇಳಿದರು? ಅದು ಮೇಯುವುದಕ್ಕೆ ಬಂದಿತ್ತು.

ಘಾಟಿನ ಫೋಟೋ ಕಳಿಸುವುದಿಲ್ಲ. ನನ್ನ ಕೋಣೆ ಬಂಗಾಲಿ ಟೋಲಾದ ಗಲ್ಲಿಯಲ್ಲಿದೆ, ಅಲ್ಲಿಂದ ಹತ್ತು ನಿಮಿಷ. ನಮ್ಮ ಕಡೆಯ ಮಠದಲ್ಲಿ ಉಗ್ರಾಣ ನೋಡಿಕೊಳ್ಳುವ ಮಹಾಂತಯ್ಯನವರು ಭಾನುವಾರ ರೊಟ್ಟಿಗೆ ಕರೆಯುತ್ತಾರೆ. ಕ್ರೈಸ್ತರವಳೆಂದು ಅವರು ಒಂದು ದಿನವೂ ಮುಖ ಸಿಂಡರಿಸಿಲ್ಲ. ನಿಮ್ಮ ಅಡಿಟಿಪ್ಪಣಿಯ ವಿಷಯ ಹೇಳಿದೆ. "ಎಲ್ಲಾರೂ ರಾಜಾನ ಸತ್ಯ ಹಾಡತಾರವ್ವಾ. ಮಾರಿಸಿಕೊಂಡ ಆ ಕೂಸಿಗೆ ಹೆಂಗನಸ್ತು ಅಂತ ಇಷ್ಟ ವರ್ಷದಾಗ ಯಾವ ಯಾತ್ರಿಕನೂ ನನ್ನ ಕೇಳಿಲ್ಲ" ಅಂದರು. ಅದನ್ನು ಅಡಿಟಿಪ್ಪಣಿಗೆ ಹಾಕಿಕೊಳ್ಳಿ.

ಹೆಸರಿಗೂ ಚಿತ್ರಕ್ಕೂ ಒಪ್ಪಿಗೆ ಇಲ್ಲ. ರೇಖಾಳ ಹೆಸರನ್ನು ಪೀಠದ ಮೇಲೆ ಎತ್ತಬೇಡಿ.

ವಿಜಯಾ


ಗದಗ
8 ಜುಲೈ 2025

ಪ್ರಿಯ ವಿಜಯಾ,

ನಿನ್ನ ಕಾಗದ ಓದಿ ಮೂರು ದಿನ ಉಪವಾಸವಿದ್ದೆ. ಸಿಟ್ಟಿನಲ್ಲಿ ಬರೆದಿದ್ದೀಯೆ, ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಛಾಯೆಗೂ ನಿಜಕ್ಕೂ ಎಲ್ಲ ಅಂಶವೂ ಹೊಂದಬೇಕಿಲ್ಲ, ಇದೂ ಮೊದಲನೆಯ ಪಾಠದ್ದೇ. ಅರಣ್ಯದಲ್ಲಿ ಮೋಶೆ ಎತ್ತಿ ನಿಲ್ಲಿಸಿದ ತಾಮ್ರದ ಸರ್ಪ ಯೇಸುವಿನ ಛಾಯೆ. ಹಾಗೆಂದರೆ ಯೇಸು ಹಾವು ಎಂದಾಯಿತೇ? ನಿನ್ನನ್ನು ಟಗರು ಅಂದದ್ದು ಬೈಗುಳವಲ್ಲ, ಗೌರವ. ಹೆಣ್ಣುಮಗಳೊಬ್ಬಳಿಗೆ ಅದಕ್ಕಿಂತ ಎತ್ತರದ ಜಾಗ ಯಾವುದಿದೆ ಹೇಳು. ಹದಿನಾಲ್ಕು ವರ್ಷ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ಧಾರವಾಡದಲ್ಲಿ, ಹಾವೇರಿಯಲ್ಲಿ ಜನ ಅತ್ತಿದ್ದಾರೆ.

ನೀನು ಮರೆತಂತಿದೆ. ಮೊದಲು ಮುಂದೆ ಬಂದವನು ನಾನು. ಅವ್ವನಿಗೆ ಸಕ್ಕರೆ ಕಾಯಿಲೆ ಎಂದು ಬಿಟ್ಟರು, ನನ್ನನ್ನು ಡಾಕ್ಟರು ಬೇಡವೆಂದರು. ನಿಮ್ಮೆಲ್ಲರ ಎದುರಿಗೆ ಹೇಳಿ ಕಣ್ಣೀರು ಹಾಕಿದ್ದೆ. ನನ್ನದು ಹೊಂದಿದ್ದರೆ ಕೊಡದೇ ಇರುತ್ತಿದ್ದೆನೇ? ತಂದೆಯ ಕರುಳು ನಿನಗೆ ಹೇಗೆ ತಿಳಿಯಬೇಕು.

ರೇಖಾ ಒಳ್ಳೆಯ ಹುಡುಗಿ, ಒಲ್ಲೆ ಅನ್ನುವವಳಲ್ಲ. ಅವಳಿಗೆ ಇನ್ನೂ ಏನೂ ಹೇಳಿಲ್ಲ. ಸಮಯ ಬಂದಾಗ ಕರ್ತನೇ ಹೇಳುತ್ತಾನೆ.

ಕರ್ತನ ಸೇವೆಯಲ್ಲಿ,
ನಿನ್ನ ತಂದೆ
ಆಮೋಸ

ಕರಿಂಡಿ ಚಟ್ನಿ ಕಳಸೇನಿ. ಮ್ಯಾಲೆ ಎಣ್ಣಿ ಬಂದಿರತದ, ನೋಡಕೊಂಡು ಬಿಚ್ಚು. — ಅವ್ವ


ವಾರಾಣಸಿ
24 ಆಗಸ್ಟ್ 2025

ಅಪ್ಪಾ,

ಗಂಗೆ ಏರಿದೆ. ಹರಿಶ್ಚಂದ್ರ ಘಾಟಿನ ಮೆಟ್ಟಿಲೆಲ್ಲ ಮುಳುಗಿ ಹೆಣಗಳನ್ನು ಗಲ್ಲಿಗೇ ತಂದು ಸುಡುತ್ತಿದ್ದಾರೆ. ಹಸಿ ಕಟ್ಟಿಗೆ ಬೇಗ ಹತ್ತುವುದಿಲ್ಲ. ಹೊಗೆ ನಮ್ಮ ಕಿಟಕಿಗೆ ಬರುತ್ತದೆ, ಒಗೆದ ಬಟ್ಟೆಗೆ, ಅನ್ನಕ್ಕೆ ಅದೇ ವಾಸನೆ. ಮನೆಯ ಮಾಲೀಕಳು ಗಿರಿಜಾದೇವಿ "ಆದತ್ ಹೋ ಜಾಯೇಗಿ, ಡಾಕ್ಟರ್‌ನೀ" ಅನ್ನುತ್ತಾರೆ. ಅಭ್ಯಾಸವಾಗಿಯೂ ಇತ್ತು. ಇದನ್ನು ಯಾಕೆ ಬರೆದೆನೆಂದರೆ, ಈ ವಾರ ನನಗೆ ವಾಕರಿಕೆ ಬಂದದ್ದು ಆ ಹೊಗೆಯಿಂದಲ್ಲ.

ಮುಂದೇನು ಮಾಡಬೇಕೆಂದು ಇಲ್ಲಿಯ ಡಾಕ್ಟರನ್ನು ಕೇಳಿ ಹೇಳು ಎಂದು ಇಸಾಕ ತನ್ನ ಹಳೆಯ ಆಸ್ಪತ್ರೆಯ ಫೈಲನ್ನು ಪುಟಪುಟವಾಗಿ ಫೋಟೋ ತೆಗೆದು ಕಳಿಸಿದ. ಅವನು ಅದನ್ನು ಓದಿಲ್ಲ. ನಾನು ಓದಿದೆ. ಹನ್ನೊಂದನೆಯ ಪುಟ. ದಾನಿಗಳ ಪರೀಕ್ಷೆ. ತಾಯಿ: ಸಕ್ಕರೆ ಕಾಯಿಲೆ, ಆಗದು. ತಂದೆ, ವಯಸ್ಸು ಐವತ್ತು: ರಕ್ತದ ಗುಂಪು ಹೊಂದುತ್ತದೆ, ಮೊದಲ ಪರೀಕ್ಷೆಗಳೆಲ್ಲ ಸರಿ, ಆರೋಗ್ಯ ಚೆನ್ನಾಗಿದೆ. ಅದರ ಕೆಳಗೆ ಎರಡು ಸಾಲು. ಮುಂದಿನ ಪರೀಕ್ಷೆಗೆ ಎರಡು ಸಲ ಕರೆದರೂ ಬರಲಿಲ್ಲ. ದಾನಕ್ಕೆ ಮನಸ್ಸಿಲ್ಲವೆಂದು ತಿಳಿಸಿದ್ದಾರೆ.

ತಾರೀಕು ಅಕ್ಟೋಬರ್ 28. ಸುಗ್ಗಿ ಹಬ್ಬಕ್ಕೆ ಒಂಬತ್ತು ದಿನ ಮೊದಲು.

ನಿಮ್ಮ ರುಜು ಅದೇ, ಕೆಳಗೆ ಬಾಲ ಎಳೆದ ರುಜು, ನನ್ನ ಪ್ರಗತಿ ಪತ್ರದ ಮೇಲೆ ಇರುತ್ತಿದ್ದದ್ದು.

ಛೀ ಅಪ್ಪಾ. ಹೆದರಿಕೆಯಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಹೆದರಿಕೆ ಯಾರಿಗಿಲ್ಲ? ಡಾಕ್ಟರ ಮೇಲೆ ಸುಳ್ಳು ಹೇಳಿದಿರಿ. ಅದು ಸಾಲದೆಂದು ದೇವರ ಮೇಲೂ ಹೇಳಿದಿರಿ. ಆಮೇಲೆ ಆ ಸುಳ್ಳನ್ನು ಧಾರವಾಡಕ್ಕೂ ಹಾವೇರಿಗೂ ಹೊತ್ತು ತಿರುಗಿ ಜನರನ್ನು ಅಳಿಸಿದಿರಿ. ಈಗ ಅಚ್ಚು ಹಾಕಿಸುತ್ತೀರಂತೆ. ನಾನು ನಿಮ್ಮ ಅಧ್ಯಾಯದ ಹಾಳೆಗಳನ್ನು ಹರಿದು ಬಿಸಾಡಲೂ ಇಲ್ಲ, ಮುಟ್ಟಲು ಮನಸ್ಸಾಗಲಿಲ್ಲ. ಕಪಾಟಿನ ಮೇಲೆ ಬಿದ್ದಿವೆ.

ಇಸಾಕನಿಗೆ ನಾನು ಹೇಳಿಲ್ಲ. ನೀವು ಹೇಳಬೇಕು.

ವಿಜಯಾ


ಗದಗ
16 ಸೆಪ್ಟೆಂಬರ್ 2025

ಪ್ರಿಯ ಮಗಳೇ,

ಕರ್ತನು ಹೃದಯಗಳನ್ನು ಶೋಧಿಸುವವನು. ಆ ದಿನಗಳಲ್ಲಿ ದೇವಾಲಯದ ಛಾವಣಿಯ ಕೆಲಸ ಅರ್ಧಕ್ಕೆ ನಿಂತಿತ್ತು, ಮುನ್ನೂರು ಕುಟುಂಬಗಳ ಕುರುಬ ನಾನು. ಕುರುಬ ಬಿದ್ದರೆ ಹಿಂಡು ಚದರುತ್ತದೆ ಎಂಬ ಭಾರ ನನ್ನ ಮೇಲಿತ್ತು. ಇದನ್ನೂ ಯೋಚಿಸು. ದೇವರು ಅಬ್ರಹಾಮನನ್ನು 'ನಿನ್ನ ಮಗನನ್ನು ಕೊಡು' ಎಂದು ಕೇಳಿದನೇ ಹೊರತು 'ನಿನ್ನನ್ನು ಕೊಡು' ಎಂದು ಕೇಳಲಿಲ್ಲ. ತಂದೆಯ ಪಾಲಿಗೆ ಬಂದ ಪರೀಕ್ಷೆ ಅದು. ಅದರ ನೋವು ಸಣ್ಣದಲ್ಲ.

ಆದರೂ ನಿನ್ನ ಕಾಗದ ಓದಿದ ಮೇಲೆ ನನ್ನೊಳಗೆ ಬೇರೊಂದು ಛಾಯೆ ಕಾಣಿಸಿತು. ನಾನು ಪೇತ್ರನು. ಯೇಸುವನ್ನು ಹಿಡಿದ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ 'ಅವನನ್ನು ನಾನರಿಯೆ' ಎಂದು, ಕೋಳಿ ಕೂಗಿದಾಗ ಅತ್ತವನು. ನಿನ್ನ ಕಾಗದವೇ ನನ್ನ ಪಾಲಿನ ಕೋಳಿಯ ಕೂಗು. ಬಿದ್ದ ಪೇತ್ರನನ್ನೇ ಕರ್ತನು ಸಭೆಯ ಬಂಡೆಯಾಗಿ ಮಾಡಿದನಲ್ಲವೇ? ಈ ಅನುಭವವನ್ನು ಎಂಟನೆಯ ಅಧ್ಯಾಯವಾಗಿ ಸೇರಿಸಿದರೆ ಅನೇಕರಿಗೆ ಆಶೀರ್ವಾದವಾಗಬಹುದೆಂದು ಪ್ರಾರ್ಥಿಸುತ್ತಿದ್ದೇನೆ. ಹಬ್ಬದ ಪ್ರಸಂಗ ಗೊತ್ತು ಮಾಡಿದಂತೆಯೇ ನಡೆಯಲಿದೆ. ಇಸಾಕನ ಪ್ರಾಣದ ಪ್ರಶ್ನೆ.

ಕರ್ತನ ಸೇವೆಯಲ್ಲಿ,
ನಿನ್ನ ತಂದೆ
ಆಮೋಸ

ಅಂಚಿಗೆ ಹಾಕಾಕ ನನ್ನ ಕಡೆ ಕೊಟ್ಟಾರ. ನಾ ಓದಿದೆ, ನಿನ್ನ ಹಿಂದಿನ ಕಾಗದಾನೂ ಓದೇನಿ. ಆ ಆಸ್ಪತ್ರಿ ಹಾಳಿ ನಾನೂ ಆಗ ನೋಡಿದ್ದೆ, ಸುಮ್ಮನಿದ್ದೆ. ರೇಖಾನ್ನ ರೈಲಿಗೆ ಹತ್ತಸ್ತೀನಿ, ನಿಮ್ಮಪ್ಪಗ ಗೊತ್ತಿಲ್ಲ. ಅಕ್ಕನ ಮನಿಗೆ ರಜಾಕ್ಕ ಹೊಂಟಾಳ ಅಂತ ಹೇಳ್ತೀನಿ. ಅಲ್ಲೇ ಇಟ್ಟಕೋ. — ಅವ್ವ


ವಾರಾಣಸಿ
11 ಅಕ್ಟೋಬರ್ 2025

ಅಪ್ಪಾ,

ರೇಖಾ ಬಂದು ಹತ್ತು ದಿನವಾಯಿತು. ನವೆಂಬರ್ ಒಂಬತ್ತಕ್ಕೆ ಅವಳು ಅಲ್ಲಿರುವುದಿಲ್ಲ. ಆಮೇಲೂ ತಾನಾಗಿ ಬರುತ್ತೇನೆ ಅನ್ನುವ ತನಕ ಬರುವುದಿಲ್ಲ.

ಅವಳನ್ನು ಅಸ್ಸಿ ಘಾಟಿಗೆ ಕರೆದುಕೊಂಡು ಹೋಗಿ, ಚಹಾ ಕುಡಿಸಿ, ಎಲ್ಲ ಹೇಳಿದೆ. ಹನ್ನೊಂದನೆಯ ಪುಟ ತೋರಿಸಿದೆ. ಕಿಡ್ನಿ ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಇಸಾಕನಿಗೆ ಏನಾಗುತ್ತದೆ, ಡಯಾಲಿಸಿಸ್ ಅಂದರೇನು, ಆಸ್ಪತ್ರೆಯಲ್ಲಿ ಬೇರೆ ಕಿಡ್ನಿಗೆ ಹೆಸರು ಬರೆಸಿ ಕಾಯುವುದು ಅಂದರೇನು, ಯಾವುದನ್ನೂ ಮುಚ್ಚಿಡಲಿಲ್ಲ. ಅಂಗಿ ಎತ್ತಿ ನನ್ನ ಹೊಲಿಗೆಯ ಗೆರೆಯನ್ನೂ ತೋರಿಸಿದೆ. ನಿಮ್ಮ ಪುಸ್ತಕದಲ್ಲಿ ಬರೆಯದೇ ಬಿಟ್ಟದ್ದು ಅದು. "ಗೊತ್ತಾಗವಲ್ತಕ್ಕಾ" ಅಂದಳು. ಗೊತ್ತಾಗುವ ತನಕ ಯಾರೂ ಕೇಳುವುದಿಲ್ಲ ಅಂದೆ.

ಪೇತ್ರನ ಮಾತು. ಥೂ, ನಿಮಗೆ ನಾಚಿಕೆಯಾಗಬೇಕು. ಸಿಕ್ಕಿಬಿದ್ದ ಮರುಗಳಿಗೆಯೇ ಸತ್ಯವೇದದೊಳಗೆ ಓಡಿಹೋಗಿ ಒಬ್ಬ ಅಪೊಸ್ತಲನ ಅಂಗಿ ತೊಟ್ಟುಕೊಂಡು ಬಂದಿರಿ, ಅದರಲ್ಲೂ ಕೊನೆಗೆ ಬಂಡೆಯಾದವನದು. ನನ್ನನ್ನು ಕೋಳಿ ಮಾಡಿದಿರಿ. ಮೊದಲು ಟಗರು, ಈಗ ಕೋಳಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಇನ್ನೇನು ಉಳಿದಿದೆ, ಕುಂಬಳಕಾಯಿಯೇ?

ನಿಮ್ಮಿಂದ ಒಂದೇ ಒಂದು ಕಾಗದ ಬೇಕು. ಅಬ್ರಹಾಮ, ಪೇತ್ರ, ಯೋನ ಯಾರನ್ನೂ ಜೊತೆಗೆ ಕರೆಯದೆ ನೀವೊಬ್ಬರೇ ಬಂದು ಬರೆದದ್ದು. ಅದು ಆಗದಿದ್ದರೆ ಬರೆಯಬೇಡಿ. ಅವ್ವನ ಸಾಲು ಸಾಕು ನನಗೆ. ಅವಳ ಮೇಲೂ ಸಿಟ್ಟಿದೆ, ಆದರೆ ಅವಳು ಯಾರ ವೇಷವನ್ನೂ ಹಾಕಲಿಲ್ಲ.

ವಿಜಯಾ


ಗದಗ
24 ನವೆಂಬರ್ 2025

ವಿಜಯಾ,

ನಾಲ್ಕು ಸಲ ಬರೆದು ಹರಿದೆ. ಪ್ರತಿ ಸಲವೂ ಅರ್ಧಕ್ಕೆ ಬರುವಷ್ಟರಲ್ಲಿ ಒಂದು ವಚನ ಬಂದು ಕೂರುತ್ತಿತ್ತು. ಇದರಲ್ಲಿ ಇಲ್ಲ, ನೋಡಿದ್ದೇನೆ.

ಹಬ್ಬದ ಹಿಂದಿನ ದಿನ ಇಸಾಕನಿಗೆ ಹೇಳಿದೆ. ಅವನು "ಅಕ್ಕಗ ಗೊತ್ತದನು?" ಎಂದಷ್ಟೇ ಕೇಳಿದ. "ರೇಖಾನ ಹೆಸರ ತಗದ್ರ ನಾ ಸಭಾದಾಗ ಎದ್ದು ಹೊರಗ ನಡೀತೀನಿ" ಅಂದ.

ಒಂಬತ್ತನೆಯ ತಾರೀಕು ಪೀಠ ಹತ್ತಿದೆ. ಬರೆದುಕೊಂಡು ಹೋದ ಪ್ರಸಂಗ ತೆಗೆಯಲಿಲ್ಲ. 2011ರಲ್ಲಿ ನಾನು ಸುಳ್ಳು ಹೇಳಿದೆ, ಕಿಡ್ನಿ ಕೊಡಲು ನನಗೆ ಆಗುತ್ತಿತ್ತು, ನಾನು ಒಲ್ಲೆ ಅಂದೆ, ಮಗಳನ್ನು ಕೇಳದೆ ನಿಮ್ಮೆದುರು ನಿಲ್ಲಿಸಿದೆ. ಇಷ್ಟೇ ಹೇಳಿದೆ. ಒಂದು ಕೂಸು ಅಳುತ್ತಿತ್ತು. ಇಳಿದು ಬಂದೆ. ಆಮೇಲೆ ಕುಂಬಳಕಾಯಿ ಹರಾಜು ನಡೆಯಿತು.

ಆ ವಾರ ಆಸ್ಪತ್ರೆಗೆ ಹೋಗಿ ನನ್ನದನ್ನು ತೆಗೆದುಕೊಳ್ಳಿ ಅಂದೆ. ಮೂರು ದಿನ ಪರೀಕ್ಷೆ ಮಾಡಿದರು. ನನಗೆ ಸಕ್ಕರೆ ಬಂದು ಎಂಟು ವರ್ಷ, ಕಿಡ್ನಿಯಿಂದ ಪ್ರೋಟೀನೂ ಸೋರಲು ಶುರುವಾಗಿದೆಯಂತೆ. ಆಗುವುದಿಲ್ಲ ಅಂದರು. ಡಾಕ್ಟರು ಚಿಕ್ಕ ವಯಸ್ಸಿನವರು, ಬೇಜಾರು ಮಾಡಿಕೋಬ್ಯಾಡ್ರಿ ಅಂತ ನನ್ನ ಬೆನ್ನು ತಟ್ಟಿದರು.

2011ರಲ್ಲಿ ನಾನು ಹೆದರಿದ್ದೆ. ಛಾವಣಿಯೂ ಅಲ್ಲ, ಸಭೆಯೂ ಅಲ್ಲ. ಹೊಟ್ಟೆ ಕೊಯ್ಯುತ್ತಾರೆ, ಎಚ್ಚರಾಗದೇ ಹೋದರೆ ಎಂದು ಹೆದರಿದ್ದೆ. ನೀನು ಚಿಕ್ಕವಳು, ತಡೆದುಕೊಳ್ಳುತ್ತಿ ಅಂದುಕೊಂಡೆ.

ಇಸಾಕನಿಗೆ ಡಯಾಲಿಸಿಸ್ ಶುರುವಾಗಿದೆ. ಮಂಗಳವಾರ, ಶುಕ್ರವಾರ ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಬೇರೆ ಕಿಡ್ನಿಗೆ ಹೆಸರು ಬರೆಸಿದ್ದೇವೆ. ಏಳನೆಯ ಅಧ್ಯಾಯ ತೆಗೆದುಹಾಕಿದೆ, ಪೇತ್ರನದನ್ನು ಬರೆಯಲಿಲ್ಲ. ಪುಸ್ತಕದ ಬಗ್ಗೆ ಪ್ರೆಸ್ಸಿನವರು ಕೇಳಿದರೆ ಏನು ಹೇಳಬೇಕೋ ತಿಳಿಯದು.

ನಿನ್ನ ಅಪ್ಪ

ಹೆದರಬ್ಯಾಡ, ಇಸಾಕ ಉಣ್ಣಾಕತ್ಯಾನ. — ಅವ್ವ


ವಾರಾಣಸಿ
5 ಡಿಸೆಂಬರ್ 2025

ಅಪ್ಪಾ,

ಕಾಗದ ಬಂತು. ನೀವೊಬ್ಬರೇ ಬಂದಿರಿ. ಕ್ಷಮಿಸಿದ್ದೇನೆ ಎಂದು ಬರೆಯಲಾರೆ, ಬರೆದರೆ ಅದೂ ಇನ್ನೊಂದು ಹೂಂ ಆದೀತು.

ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಕಾಗದ ಮಡಿಚುವಾಗ ನನ್ನ ತಲೆಯಲ್ಲಿ ತಾನಾಗಿ ಹಲಗೆಯ ಗೆರೆ ಬಿತ್ತು. ಎಡಗಡೆ, 2011ರಲ್ಲಿ ಡಾಕ್ಟರು ಬೇಡವೆಂದರು ಎಂಬ ನಿಮ್ಮ ಸುಳ್ಳು. ಬಲಗಡೆ, ಈಗ ಡಾಕ್ಟರು ನಿಜವಾಗಿಯೂ ಬೇಡವೆಂದದ್ದು. ಛಾಯೆ, ನಿಜ. ನೀವು ಅದನ್ನು ಬರೆದಿರಲಿಲ್ಲ. ನಾನೇ ಜೋಡಿಸಿದೆ, ಅದೂ ಎಷ್ಟು ಚುರುಕಾಗಿ, ತುತ್ತು ಬಾಯಲ್ಲಿರುವಾಗಲೇ. ನಿಮ್ಮ ಕಾಯಿಲೆಯ ನೋವು ನನಗೆ ಆಮೇಲೆ ಆಯಿತು, ಮೊದಲು ಆದದ್ದು ಹೊಂದಾಣಿಕೆಯ ಖುಷಿ. ನನ್ನ ಮೇಲೆ ನನಗೆ ಅಸಹ್ಯವಾಯಿತು. ಇದು ನಿಮ್ಮಿಂದ ಬಂದದ್ದು, ಆದರೆ ಈಗ ನನ್ನದೇ.

ರೇಖಾ ನಿನ್ನೆ ಉತ್ತರ ಹೇಳಿದಳು. ನಾನು ಕೇಳಿರಲಿಲ್ಲ. ಮಹಾಂತಯ್ಯನವರ ಉಗ್ರಾಣದಲ್ಲಿ ರೊಟ್ಟಿ ತಿನ್ನುತ್ತಿದ್ದೆವು. ನಿಮ್ಮ ಕಾಗದವನ್ನು ಅವಳೂ ಎರಡು ಸಲ ಓದಿದ್ದಳು. "ನಾ ಒಲ್ಲೆ, ಅಕ್ಕಾ" ಅಂದಳು. "ಇಸಾಕಣ್ಣಗ ನಾನ ಫೋನ್ ಮಾಡಿ ಹೇಳ್ತೀನಿ." ಹೇಳಿದಳು ಕೂಡ. ಅವನು "ಚೊಲೋ ಆತು" ಅಂದನಂತೆ. ಆಮೇಲೆ ಅವಳು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಮಹಾಂತಯ್ಯನವರು ಬೆಣ್ಣೆ ಇಟ್ಟರು.

ಇಷ್ಟೇ ಅಪ್ಪಾ. ಒಬ್ಬರು ಕೇಳುವುದು, ಒಬ್ಬರು ಹೇಳುವುದು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇದನ್ನು ಹದಿನಾಲ್ಕು ವರ್ಷ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಆವತ್ತು ಹಬ್ಬಕ್ಕೆ ಮೊದಲು ನೀವು ಅಡುಗೆಮನೆಗೆ ಬಂದು "ವಿಜಯಾ, ನನಗ ಅಂಜಿಕಿ ಆಗೇದವಾ, ನೀ ಕೊಡತೀ ಏನು?" ಎಂದು ಕೇಳಿದ್ದರೆ, ನಾನು ಕೊಡುತ್ತಿದ್ದೆ.

ವಿಜಯಾ